ಬೀದರಿಗೆ ಕುದುರೆ ತಂದ ಹಡಗನ್ನು ಮೇಜಿನ ಮೇಲೆ ಕಟ್ಟುವುದು ಹೇಗೆ

ಬೀದರಿನಿಂದ ಯಾವ ದಾರಿ ಹಿಡಿದರೂ ಸಮುದ್ರ ದೂರವೇ. ದಖ್ಖನ್ ಪೀಠಭೂಮಿ ದಾಟಿ, ಸಹ್ಯಾದ್ರಿಯ ಘಟ್ಟ ಇಳಿದ ಮೇಲೆಯೇ ಅರಬ್ಬಿ ಕಡಲು ಕಾಣುವುದು. ಆದರೂ ಈ ಊರಿನ ವೈಭವದ ದಿನಗಳಿಗೆ ಹಡಗುಗಳ ಋಣವಿದೆ. ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ ಇರಾನಿನ ಗಿಲಾನ್ ಪ್ರಾಂತ್ಯದವನು. 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು, ವ್ಯಾಪಾರಿಯಾಗಿ ಬೀದರಿಗೆ ಬಂದ. ಆಮೇಲೆ ಅವನಿಗೆ ಸಿಕ್ಕ ಬಿರುದೇ ಮಲಿಕ್-ಉತ್-ತುಜ್ಜಾರ್, ಅಂದರೆ ವ್ಯಾಪಾರಿಗಳ ಒಡೆಯ. 1472ರಲ್ಲಿ ಅವನು ವಿಜಯನಗರದ ಕೈಯಿಂದ ಗೋವೆಯನ್ನು ಕಿತ್ತುಕೊಂಡದ್ದಕ್ಕೆ ಒಂದು ದೊಡ್ಡ ಕಾರಣ ಬಂದರು, ಬಂದರಿಗೆ ಬರುತ್ತಿದ್ದ ಕುದುರೆ. ಬೀದರಿನ ನೌಬಾದಿನಲ್ಲಿ ನೆಲದಡಿ ಹರಿಯುವ ಕರೇಜ್, ಅಂದರೆ ನಮ್ಮ ಸುರಂಗ ಬಾವಿಯ ತಂತ್ರವೂ ಮೂಲದಲ್ಲಿ ಇರಾನಿನದು. ಆ ಕಡೆಯ ಜನ, ಜಾಣ್ಮೆ, ಕುದುರೆ ಎಲ್ಲಕ್ಕೂ ಹತ್ತಿರದ ದಾರಿ ಸಮುದ್ರವೇ ಆಗಿತ್ತು.

ಆ ದಾರಿಯಲ್ಲಿ ಬಂದವನೊಬ್ಬ ತನ್ನ ಪ್ರಯಾಣವನ್ನು ಬರೆದಿಟ್ಟಿದ್ದಾನೆ. ರಷ್ಯಾದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಹೊರ್ಮುಜ್‌ನಿಂದ ಹಡಗು ಹತ್ತಿ, ಆರು ವಾರ ಕಡಲಲ್ಲಿ ಕಳೆದು, ಚೌಲ್ ಬಂದರು ಮುಟ್ಟಿದ. ಆ ಹಡಗಿನಲ್ಲಿ ಕುದುರೆಗಳಿದ್ದವು. ಅವನದ್ದೂ ಒಂದು ಕುದುರೆ ಇತ್ತು. ಜುನ್ನರಿನಲ್ಲಿ ಅದನ್ನು ಅಧಿಕಾರಿ ಕಿತ್ತುಕೊಂಡು ಮತ್ತೆ ಮರಳಿಸಿದ ಮೇಲೆ, ಕೊನೆಗೆ ಬೀದರಿನಲ್ಲಿ ಮಾರಿದ. ಬೀದರಿನಿಂದ ಆಚೆ ಆಳಂದದಲ್ಲಿ ನಡೆಯುತ್ತಿದ್ದ ಜಾತ್ರೆಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ಅವನು ಬರೆಯುತ್ತಾನೆ. ಸಂಖ್ಯೆ ಸ್ವಲ್ಪ ಉಬ್ಬಿದ್ದರೂ ಇರಲಿ. ಅಷ್ಟು ದೊಡ್ಡ ವ್ಯಾಪಾರವನ್ನು ಹೊತ್ತದ್ದು ಮರದ ಹಾಯಿಹಡಗು ಎಂಬುದರಲ್ಲಿ ಅನುಮಾನವಿಲ್ಲ.

ಮರದಲ್ಲಿ ಪುಟ್ಟ ಹಾಯಿಹಡಗು ಕಟ್ಟುವ ಹವ್ಯಾಸ ಹಿಡಿಯಬೇಕೆನ್ನುವ ನಮ್ಮ ಭಾಗದವರಿಗೆ ನನ್ನ ಸಲಹೆ ಒಂದೇ: ಮೊದಲು ಕಟ್ಟುವುದು ಈ ಹಡಗಾಗಲಿ. ಪೇಟೆಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಕಿಟ್‌ಗಳು ಹೆಚ್ಚಾಗಿ ಯುರೋಪಿನ ಯುದ್ಧನೌಕೆಗಳವು. ನೆಲ್ಸನ್ನನ 'ವಿಕ್ಟರಿ'ಯಂಥ ಹಡಗಿಗೆ ಮೂರು ಕೂವೆಮರ, ನೂರಾರು ರಾಟೆ, ಮೈತುಂಬ ಹಗ್ಗ. ಹೊಸಬರು ಅದನ್ನು ಎತ್ತಿಕೊಂಡರೆ ಒಡಲು ಮುಗಿಯುವ ಮೊದಲೇ ಡಬ್ಬಿ ಅಟ್ಟ ಸೇರುತ್ತದೆ. ಅರಬ್ಬಿ ಕಡಲಿನ ಒಂಟಿ ಕೂವೆಮರದ ಹಡಗಿಗೆ ಒಂದು ಕಂಬ, ಒಂದು ಹಾಯಿ, ಡಜನ್ನಿನಷ್ಟು ಹಗ್ಗ ಸಾಕು. ಪ್ರತಿ ಹಗ್ಗಕ್ಕೂ ಒಂದು ಕೆಲಸವಿದೆ. ಆ ಕೆಲಸ ತಿಳಿದರೆ ಹಾಯಿಹಡಗಿನ ವಿದ್ಯೆಯೇ ಅರ್ಧ ತಿಳಿದ ಹಾಗೆ.

ನಕ್ಷೆ ಎಲ್ಲಿಂದ?

ಹದಿನೈದನೇ ಶತಮಾನದ ಅರಬ್ಬಿ ಕಡಲಿನ ಹಡಗಿನ ನೀಲನಕ್ಷೆ ಎಲ್ಲೂ ಉಳಿದಿಲ್ಲ, ಏಕೆಂದರೆ ಆ ಬಡಗಿಗಳು ನಕ್ಷೆ ಬರೆದು ಕಟ್ಟುತ್ತಲೇ ಇರಲಿಲ್ಲ. ಅಳತೆ ಕಣ್ಣಲ್ಲಿ, ಕೈಯಲ್ಲಿ ಇರುತ್ತಿತ್ತು. ಇದರಿಂದ ಎದೆಗುಂದಬೇಕಾಗಿಲ್ಲ. ಇದೇ ಸಮಸ್ಯೆಯನ್ನು ನಮ್ಮ ದೇಶದವರು ಈಚೆಗೆ ದೊಡ್ಡ ಪ್ರಮಾಣದಲ್ಲಿ ಬಿಡಿಸಿ ತೋರಿಸಿದ್ದಾರೆ, ಅದೂ ಕರ್ನಾಟಕದ ನೆಂಟಸ್ತನದೊಂದಿಗೆ. ಅಜಂತಾ ಗುಹೆಯ ಚಿತ್ರದಲ್ಲಿರುವ ಐದನೇ ಶತಮಾನದ ಹಡಗನ್ನು ಮತ್ತೆ ಕಟ್ಟಲು 2023ರ ಜುಲೈನಲ್ಲಿ ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವೆಯ ಹೋಡಿ ಇನೊವೇಷನ್ಸ್ ಒಪ್ಪಂದ ಮಾಡಿಕೊಂಡವು. ಕೇರಳದ ಬಡಗಿ ಬಾಬು ಶಂಕರನ್ ಅವರ ತಂಡ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಒಡಲು ಕಟ್ಟಿತು. ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮೊದಲು ಅದರ ಪುಟ್ಟ ಮಾದರಿಯನ್ನು ನೀರಿಗಿಳಿಸಿ ಪರೀಕ್ಷಿಸಿದರು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಆ ಹಡಗು 'ಐಎನ್‌ಎಸ್‌ವಿ ಕೌಂಡಿನ್ಯ' ಎಂಬ ಹೆಸರಿನಿಂದ ನೌಕಾಪಡೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡ, ಸೂರ್ಯ, ಮೂತಿಯಲ್ಲಿ ಸಿಂಹಯಾಳಿ. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು ಮುಂದಿನ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಕೌಂಡಿನ್ಯದ್ದು ಚೌಕ ಹಾಯಿ. ನಾನು ಹೇಳುತ್ತಿರುವ ಕುದುರೆ ಹಡಗು ಅದಕ್ಕಿಂತ ಸಾವಿರ ವರ್ಷ ಈಚಿನದು, ಅದರ ಹಾಯಿಯನ್ನು ಓರೆಯಾಗಿ ತೂಗುಹಾಕುತ್ತಿದ್ದರು. ಆದರೆ ಹೊಲಿದ ಒಡಲು ಎರಡಕ್ಕೂ ಸಮಾನ. ಹೊರ್ಮುಜ್‌ನ ಹಡಗುಗಳಿಗೆ ಕಬ್ಬಿಣದ ಮೊಳೆಯಿಲ್ಲ, ನಾರಿನಿಂದ ಹೊಲಿದಿರುತ್ತಾರೆ ಎಂದು ಮಾರ್ಕೊ ಪೋಲೊ ಬರೆದಿದ್ದ. ಅವನಿಗಿಂತ ಮೊದಲೇ, 1237ರ ಹರೀರಿಯ 'ಮಕಾಮಾತ್' ಹಸ್ತಪ್ರತಿಯಲ್ಲಿ ಅಲ್-ವಾಸಿತಿ ಬರೆದ ಚಿತ್ರದಲ್ಲಿ ಹಲಗೆಯ ಹೊಲಿಗೆ, ಹಿಂಬದಿಯ ಚುಕ್ಕಾಣಿ, ಕೊಕ್ಕೆಯ ಲಂಗರು ಕಣ್ಣಿಗೆ ಕಟ್ಟುವಂತಿವೆ. ಆ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಇನ್ನು ಅಳತೆಗೆ ಆಧಾರ ಬೇಕೆಂದರೆ ಫ್ರಾನ್ಸಿನ ನೌಕಾಧಿಕಾರಿ ಎಡ್ಮೊಂ ಪಾರಿ 1840ರ ದಶಕದಲ್ಲಿ ಪ್ರಕಟಿಸಿದ ನಕ್ಷೆಗಳಿವೆ. ನಮ್ಮ ಪಶ್ಚಿಮ ಕರಾವಳಿಯ ಪತ್ತೆಮಾರಿ, ಅರಬ್ಬರ ಬಗ್ಗಳ ಮೊದಲಾದವನ್ನು ಅವನು ಉದ್ದ, ಅಗಲ, ಅಡ್ಡಕೊಯ್ತಗಳ ಸಮೇತ ಬರೆದಿಟ್ಟಿದ್ದಾನೆ. ನನ್ನ ದೃಷ್ಟಿಯಲ್ಲಿ ಹವ್ಯಾಸಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಒಡಲಿನ ಆಕಾರ ಪಾರಿಯಿಂದ, ಹೊಲಿಗೆ ಮತ್ತು ಚುಕ್ಕಾಣಿ ಅಲ್-ವಾಸಿತಿಯಿಂದ ತೆಗೆದುಕೊಂಡರೆ ನಂಬುವಂಥ ಹಡಗು ಸಿಗುತ್ತದೆ.

ಪ್ರಮಾಣ 1:50 ಇರಲಿ. 18 ಮೀಟರ್ ಹಡಗು 36 ಸೆಂ.ಮೀ. ಆಗುತ್ತದೆ. ಇದಕ್ಕಿಂತ ಚಿಕ್ಕದಾದರೆ ಹಗ್ಗ ಕಟ್ಟುವಾಗ ಬೆರಳು ನುಸುಳುವುದಿಲ್ಲ, ದೊಡ್ಡದಾದರೆ ಮನೆಯಲ್ಲಿ ಇಡಲು ಜಾಗ ಹುಡುಕಬೇಕು. ಈ ಪ್ರಮಾಣದಲ್ಲಿ ಆಳು ಮೂರು ಸೆಂ.ಮೀ.ಗಿಂತ ಚೂರು ಎತ್ತರ, ಕುದುರೆಯ ಬೆನ್ನು ಸುಮಾರು ಮೂರು ಸೆಂ.ಮೀ. ಒಂದೆರಡು ಕುದುರೆ ಕೆತ್ತಿ ಹಡಗಿನೊಳಗೆ ನಿಲ್ಲಿಸಿದರೆ ನೋಡುವವರಿಗೆ ಹಡಗಿನ ಗಾತ್ರ ತಟ್ಟನೆ ತಿಳಿಯುತ್ತದೆ.

ಒಡಲು

ನಿಜವಾದ ಹೊಲಿದ ಹಡಗಿನಲ್ಲಿ ಮೊದಲು ಅಡಿಮರ ಇಟ್ಟು, ಮೂತಿ ಮತ್ತು ಹಿಂಬದಿಯ ಮರ ನಿಲ್ಲಿಸಿ, ಹಲಗೆಗೆ ಹಲಗೆ ಹೊಲಿಯುತ್ತ ಚಿಪ್ಪು ಕಟ್ಟುತ್ತಾರೆ. ಪಕ್ಕೆಲುಬುಗಳನ್ನು ಒಳಗೆ ಕೂರಿಸುವುದು ಆಮೇಲೆ. ಮೇಜಿನ ಮೇಲೆ ಈ ಕ್ರಮ ಹೊಸಬರಿಗೆ ಸಾಧ್ಯವಿಲ್ಲ, ತೆಳು ಪಟ್ಟಿಗಳು ಆಕಾರ ಹಿಡಿದು ನಿಲ್ಲುವುದಿಲ್ಲ. ಆದ್ದರಿಂದ ಪಕ್ಕೆಲುಬು ಮೊದಲು. 4 ಮಿ.ಮೀ. ಪ್ಲೈವುಡ್ಡಿನಲ್ಲಿ ಹಡಗಿನ ಉದ್ದಕ್ಕೂ ಒಂದು ಬೆನ್ನೆಲುಬು ಕತ್ತರಿಸಿ. ಅದಕ್ಕೆ ಅಡ್ಡಲಾಗಿ ಹತ್ತು ಹನ್ನೆರಡು ಅಡ್ಡಕೊಯ್ತದ ತುಂಡುಗಳನ್ನು, ಎರಡರಲ್ಲೂ ಅರ್ಧರ್ಧ ಕಚ್ಚು ಕೊರೆದು ಕೂರಿಸಿ. ಪ್ರತಿ ತುಂಡೂ ಬೆನ್ನೆಲುಬಿಗೆ ಮೂಲೆಮಟ್ಟದಲ್ಲಿರಬೇಕು. ಇಲ್ಲಿ ಒಂದು ಮಿ.ಮೀ. ತಪ್ಪಿದರೆ ಕೊನೆಯಲ್ಲಿ ಹಡಗು ಸೊಟ್ಟ ಮುಖ ತೋರಿಸುತ್ತದೆ, ಆಗ ಸರಿಪಡಿಸಲು ಬರುವುದಿಲ್ಲ.

ಅಂಟು ಒಣಗಿದ ಮೇಲೆ ಬಹಳ ಜನ ಅವಸರದಿಂದ ಹಲಗೆ ಹೊಡೆಯಲು ಹೊರಡುತ್ತಾರೆ. ತಡೆಯಿರಿ. ಹಡಗು ಮೂತಿಯ ಕಡೆಗೆ ಬಾಗುವುದರಿಂದ ಪ್ರತಿ ಪಕ್ಕೆಲುಬಿನ ಅಂಚನ್ನೂ ಆ ಬಾಗಿಗೆ ತಕ್ಕ ಹಾಗೆ ಓರೆಯಾಗಿ ಉಜ್ಜಬೇಕು. ತೆಳುವಾದ ಒಂದು ಪಟ್ಟಿಯನ್ನು ಮೂತಿಯಿಂದ ಹಿಂಬದಿಯವರೆಗೆ ಒತ್ತಿ ಹಿಡಿದು ನೋಡಿ. ಎಲ್ಲ ಪಕ್ಕೆಲುಬುಗಳಿಗೂ ಅದು ಅಗಲಕ್ಕೆ ತಾಗಬೇಕು, ಎಲ್ಲೂ ಕುಳಿ, ಉಬ್ಬು ಇರಬಾರದು. ಈ ಉಜ್ಜುವ ಕೆಲಸಕ್ಕೆ ಹಲಗೆ ಕೂರಿಸುವಷ್ಟೇ ಹೊತ್ತು ಕೊಡಿ. ಒಡಲಿನ ಅಂದ ನಿರ್ಧಾರವಾಗುವುದು ಇಲ್ಲೇ.

ಮರದ ವಿಷಯ. ಸಾಗವಾನಿ ಬೀದರಿನ ಯಾವ ಸಾ ಮಿಲ್ಲಿನಲ್ಲೂ ತುಂಡಾಗಿ ಸಿಗುತ್ತದೆ, ಹಡಗಿಗೆ ಹೆಸರಾದ ಮರವೂ ಹೌದು. ಆದರೆ ಅದರ ಎಳೆ ಒರಟು, 1:50ರಲ್ಲಿ ಕಣ್ಣಿಗೆ ಹೊಡೆಯುತ್ತದೆ. ಮೈಯಲ್ಲಿ ಎಣ್ಣೆ ಇರುವುದರಿಂದ ಅಂಟು ಹಾಕುವ ಮೊದಲು ಥಿನ್ನರ್‌ನಿಂದ ಒರೆಸಬೇಕು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರ ಇದಕ್ಕಿಂತ ಮೇಲು: ಎಳೆ ನಯ, ಬಣ್ಣ ತಿಳಿ, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಇವೆರಡೂ ಸಿಗದಿದ್ದರೆ ಎರಡು ಪದರ ಮಾಡಿ. ಕೆಳಗೆ ಐಸ್‌ಕ್ರೀಮ್ ಕಡ್ಡಿ ಅಥವಾ ಸೀಳಿದ ಬಿದಿರು, ಮೇಲೆ ಪ್ಲೈವುಡ್ ಅಂಗಡಿಯ ಅರ್ಧ ಮಿ.ಮೀ. ಸಾಗವಾನಿ ವಿನಿಯರ್. ಮೊದಲ ಪದರದ ತಪ್ಪುಗಳನ್ನು ಎರಡನೆಯದು ಮುಚ್ಚುತ್ತದೆ.

ಹಲಗೆ ಕೂರಿಸುವುದರಲ್ಲಿ ಇರುವುದು ಒಂದು ಲೆಕ್ಕ. ಒಡಲಿನ ನಡುವಿನ ಪಕ್ಕೆಲುಬಿನಲ್ಲಿ ಅಡಿಮರದಿಂದ ಮೇಲಂಚಿನವರೆಗೆ ನೂಲು ಹಿಡಿದು ಅಳೆಯಿರಿ. 90 ಮಿ.ಮೀ. ಬಂತೆನ್ನಿ. 5 ಮಿ.ಮೀ. ಅಗಲದ ಪಟ್ಟಿಯಾದರೆ 18 ಸಾಲು. ಮೂತಿಯ ಹತ್ತಿರದ ಪಕ್ಕೆಲುಬಿನಲ್ಲಿ ಅದೇ ಅಳತೆ 54 ಮಿ.ಮೀ. ಇದ್ದರೆ, ಆ 18 ಸಾಲುಗಳೂ ಅಲ್ಲಿ ಹಿಡಿಸಬೇಕಾದರೆ ಪ್ರತಿ ಪಟ್ಟಿ 3 ಮಿ.ಮೀ.ಗೆ ಕಿರಿದಾಗಬೇಕು. ಹಾಗೆ ಸಣಕಲು ಮಾಡದೆ ಹೊಡೆದರೆ ಪಟ್ಟಿಗಳು ಮೂತಿಯಲ್ಲಿ ಒಂದರ ಮೇಲೊಂದು ಏರಿ ತಿರುಚಿಕೊಳ್ಳುತ್ತವೆ. ಅರ್ಧಕ್ಕಿಂತ ಕಿರಿದು ಮಾಡಬೇಕಾಗಿ ಬಂದರೆ ಮಾತ್ರ ಒಂದು ಸಾಲನ್ನು ಮಧ್ಯದಲ್ಲೇ ನಿಲ್ಲಿಸಿ, ಪಕ್ಕದ್ದನ್ನು ಅಗಲ ಮಾಡಿ. ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಲ್ಡರಿಂಗ್ ಕಬ್ಬಿಣದ ಬಿಸಿಗೆ ಒತ್ತಿ ಬಾಗಿಸಿ, ಒಣಗಿದ ಮೇಲೆಯೇ ಫೆವಿಕಾಲ್ ಹಚ್ಚಿ. ಎಡಕ್ಕೊಂದು, ಬಲಕ್ಕೊಂದು ಸಾಲು ಹೊಡೆಯುತ್ತ ಹೋಗಬೇಕು. ಒಂದೇ ಮಗ್ಗುಲು ಮುಗಿಸಿದರೆ ಬೆನ್ನೆಲುಬು ಆ ಕಡೆಗೆ ಬಾಗುತ್ತದೆ.

ಇನ್ನು ಹೊಲಿಗೆ. ನಿಜ ಹಡಗಿನಲ್ಲಿ ಎರಡು ಹಲಗೆಗಳ ಸಂದಿನ ಮೇಲೆ ನಾರಿನ ಸಿಂಬಿ ಒತ್ತಿ, ಎರಡೂ ಅಂಚಿನ ತೂತುಗಳಲ್ಲಿ ಹಗ್ಗ ಹಾಯಿಸಿ ಬಿಗಿಯುತ್ತಾರೆ. ಒದ್ದೆಯಾದಾಗ ನಾರು ಉಬ್ಬಿ ಸಂದು ಮುಚ್ಚುತ್ತದೆ. ಆಮೇಲೆ ರಾಳ, ಎಣ್ಣೆ ಬಳಿಯುತ್ತಾರೆ. ಮೊಳೆ ಹೊಡೆದ ಒಡಲಿಗಿಂತ ಹೊಲಿದ ಒಡಲು ಹೆಚ್ಚು ಬಳುಕುತ್ತದೆ, ಮರಳಿನ ದಂಡೆಗೆ ಅಲೆ ತಂದು ಅಪ್ಪಳಿಸಿದರೆ ತಾಳಿಕೊಳ್ಳುತ್ತದೆ. ನಮ್ಮ ಮಾದರಿಯಲ್ಲಿ ಪಕ್ಕೆಲುಬು ಅಡ್ಡ ಬರುವುದರಿಂದ ಒಳಗೆ ಸೂಜಿ ಆಡಿಸಲಾಗುವುದಿಲ್ಲ. ಸಂದಿನ ಮೇಲೊಂದು, ಕೆಳಗೊಂದು 0.7 ಮಿ.ಮೀ. ತೂತು ಕೊರೆದು, ಗಿಡ್ಡ ದಾರವನ್ನು ಎರಡು ತುದಿಯಿಂದಲೂ ಒಳಗೆ ತೂರಿಸಿ, ಅಂಟಿನ ಹನಿ ಹಾಕಿ. ಒಂದು ಹೊಲಿಗೆಗೂ ಇನ್ನೊಂದಕ್ಕೂ 5 ಮಿ.ಮೀ. ಬಿಡಿ, ಹತ್ತಿರ ಬಂದರೆ ಹಲಗೆ ಸೀಳುತ್ತದೆ. ತೂತುಗಳು ಒಂದೇ ನೇರದಲ್ಲಿ ಬರಲು ತಗಡಿನ ಪಟ್ಟಿಯೊಂದರಲ್ಲಿ ಮೊದಲೇ ಗುರುತು ಕೊರೆದುಕೊಂಡು ಅದನ್ನು ಸರಿಸುತ್ತ ಹೋಗಬೇಕು. ನೂರಾರು ಹೊಲಿಗೆಗಳ ಬೇಸರದ ಕೆಲಸ ಇದು, ಆದರೆ ಬಿಡಬೇಡಿ. ಈ ಹಡಗು ಯಾವ ಕಡಲಿನದು ಎಂದು ಹೇಳುವುದೇ ಆ ಸಾಲು. ಹಲಗೆಯನ್ನು ಪಕ್ಕೆಲುಬಿಗೆ ಬಿಗಿಯಲು ಬಿದಿರಿನ ಪಿನ್ನು ಬೇಕಾದ ಕಡೆ, ಅಕ್ಕಸಾಲಿಗರು ತಂತಿ ಎಳೆಯುವ ತೂತುಪಟ್ಟಿ ಬಹಳ ಉಪಯೋಗ: ಬಿದಿರಿನ ಸೀಳನ್ನು ದೊಡ್ಡ ತೂತಿನಿಂದ ಚಿಕ್ಕದಕ್ಕೆ ಎಳೆಯುತ್ತ ಬಂದರೆ ಒಂದು ಮಿ.ಮೀ.ಗಿಂತ ಸಣ್ಣ ದುಂಡು ಕಡ್ಡಿ ಸಿಗುತ್ತದೆ. ಬಿದ್ರಿ ಕೆಲಸಕ್ಕೆ ಬೆಳ್ಳಿಯ ಎಳೆ ಕೂರಿಸುವ ಊರಿನಲ್ಲಿ ಇಂಥ ನವುರಾದ ಉಪಕರಣ ಹುಡುಕಲು ಹೈದರಾಬಾದಿಗೆ ಹೋಗಬೇಕಾಗಿಲ್ಲ.

ಕೂವೆಮರ, ಹಾಯಿ, ಹಗ್ಗ

ಕೂವೆಮರಕ್ಕೆ ಗರಗಸದಿಂದ ಕೊಯ್ದ ತುಂಡಿಗಿಂತ ಎಳೆಯುದ್ದಕ್ಕೆ ಸೀಳಿದ ತುಂಡು ಒಳ್ಳೆಯದು, ಬಾಗುವುದಿಲ್ಲ. ಚೌಕದ ಕಡ್ಡಿಯನ್ನು ಎಂಟು ಮುಖ, ಹದಿನಾರು ಮುಖ ಮಾಡುತ್ತ, ಕೊನೆಗೆ ಉಜ್ಜುಕಾಗದದಲ್ಲಿ ದುಂಡು ಮಾಡಿ. ನೇರವಾಗಿ ದುಂಡು ಮಾಡಲು ಹೋದರೆ ಮೊಟ್ಟೆಯಾಕಾರ ಬರುತ್ತದೆ. ಈ ಹಡಗುಗಳ ಕೂವೆಮರ ಮುಂದಕ್ಕೆ ವಾಲಿರುತ್ತದೆ. ಹಾಯಿಯನ್ನು ಹೊತ್ತ ಉದ್ದನೆಯ ಓರೆಮರ ಕಂಬಕ್ಕೆ ತಾಗದೆ ಸಲೀಸಾಗಿ ತೂಗಾಡಲಿ ಎಂದು ಈ ವಾಲು. ಓರೆಮರ ಹಡಗಿನಷ್ಟೇ ಉದ್ದವಿರುವುದುಂಟು. ಅಷ್ಟುದ್ದದ ಒಂದೇ ಮರ ಸಿಗದ್ದರಿಂದ ಎರಡು ಮೂರು ಮರಗಳನ್ನು ಮೇಲೆ ಮೇಲೆ ಜೋಡಿಸಿ ಹಗ್ಗದಿಂದ ಸುತ್ತಿ ಬಿಗಿಯುತ್ತಿದ್ದರು. ನೀವೂ ಹಾಗೆಯೇ ಮಾಡಿ.

ಈಗ ಹಗ್ಗಗಳ ಸಂಗತಿ. ಈ ಹವ್ಯಾಸದ ಜೀವ ಇಲ್ಲಿದೆ.

ಯುರೋಪಿನ ಹಡಗಿನ ಚಿತ್ರ ನೋಡಿ ಬೆಳೆದವರು ಕೂವೆಮರದ ಎರಡೂ ಬದಿಗೆ ಖಾಯಂ ಬಿಗಿಹಗ್ಗ ಕಟ್ಟಿ, ಅದಕ್ಕೆ ಏಣಿಯಂತೆ ಮೆಟ್ಟಿಲುಹಗ್ಗ ಹೆಣೆಯುತ್ತಾರೆ. ಅರಬ್ಬಿ ಕಡಲಿನ ಹಡಗಿಗೆ ಇದು ಪೂರ್ತಿ ತಪ್ಪು. ಕಾರಣ ತಿಳಿಯಬೇಕಾದರೆ ಆ ಹಡಗು ದಿಕ್ಕು ಬದಲಿಸುವ ಬಗೆ ತಿಳಿಯಬೇಕು. ಹಾಯಿ ಯಾವಾಗಲೂ ಕೂವೆಮರದ ಒಂದು ಮಗ್ಗುಲಲ್ಲಿ, ಗಾಳಿ ಹೋಗುವ ಕಡೆ ಇರುತ್ತದೆ. ಗಾಳಿಯನ್ನು ಇನ್ನೊಂದು ಮಗ್ಗುಲಿಗೆ ತೆಗೆದುಕೊಳ್ಳಬೇಕಾದಾಗ ಹಡಗಿನ ಬೆನ್ನನ್ನು ಗಾಳಿಗೆ ತಿರುಗಿಸಿ, ಓರೆಮರವನ್ನು ಕಂಬದ ಜೊತೆ ನೆಟ್ಟಗೆ ನಿಲ್ಲಿಸಿ, ಹಾಯಿಯನ್ನು ಕಂಬದ ಮುಂದಿನಿಂದ ಸುತ್ತಿಸಿ ಆಚೆ ಮಗ್ಗುಲಿಗೆ ಒಯ್ಯುತ್ತಾರೆ. ಎರಡೂ ಬದಿ ಖಾಯಂ ಹಗ್ಗವಿದ್ದರೆ ಹಾಯಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬದಿಯ ಬಿಗಿಹಗ್ಗಗಳಿಗೆ ಕೆಳಗೆ ರಾಟೆ ಇರುತ್ತದೆ. ಗಾಳಿ ಬರುವ ಕಡೆಯವನ್ನು ಬಿಗಿದು, ಇನ್ನೊಂದು ಕಡೆಯವನ್ನು ಬಿಚ್ಚಿ ಸಡಿಲ ಬಿಡುತ್ತಾರೆ. ನಿಮ್ಮ ಮಾದರಿಯಲ್ಲಿ ಗಾಳಿ ಎಡದಿಂದ ಬರುತ್ತಿದೆ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಎಡದ ಹಗ್ಗ ಬಿಗಿ, ಬಲದ್ದು ಸಡಿಲ, ಹಾಯಿ ಬಲಕ್ಕೆ ಉಬ್ಬಿದೆ. ಇಷ್ಟು ಹೊಂದಿಕೆಯಾದರೆ ಬಲ್ಲವರ ಕಣ್ಣಿಗೆ ಆ ಹಡಗು ಓಡುತ್ತಿರುವಂತೆ ಕಾಣುತ್ತದೆ.

ಎಲ್ಲಕ್ಕಿಂತ ದಪ್ಪ ಹಗ್ಗ ಓರೆಮರವನ್ನು ಏರಿಸುವ ಎತ್ತುಹಗ್ಗ. ಅದು ಕಂಬದ ತಲೆಯಲ್ಲಿ ಕೊರೆದ ತೂತಿನ ಗಾಲಿಯ ಮೇಲಿಂದ ಹಿಂದಕ್ಕೆ ಇಳಿದು, ಕಂಬದ ಹಿಂಬದಿಗೆ ದೊಡ್ಡ ರಾಟೆಯಲ್ಲಿ ಬಿಗಿಯಾಗುತ್ತದೆ. ಏರಿಸುವ ಕೆಲಸ ಮುಗಿದ ಮೇಲೆ ಅದೇ ಹಗ್ಗ ಮುಂದಕ್ಕೆ ವಾಲಿದ ಕಂಬವನ್ನು ಹಿಂದಿನಿಂದ ಹಿಡಿದು ನಿಲ್ಲಿಸುತ್ತದೆ. ಒಂದೇ ಹಗ್ಗದಿಂದ ಎರಡು ಕೆಲಸ ತೆಗೆದ ಈ ಜಾಣತನ ನನಗೆ ಬಹಳ ಇಷ್ಟ. ಓರೆಮರ ಕಂಬದಿಂದ ದೂರ ಹಾರದಂತೆ ಅದನ್ನು ಕಂಬಕ್ಕೆ ತಬ್ಬಿಸುವ ಹಗ್ಗದ ಬಳೆಯೊಂದಿದೆ. ಓರೆಮರದ ಮೇಲ್ತುದಿಯಿಂದ ಹಿಂದಕ್ಕೆ ಎರಡು ಹಗ್ಗ, ತುದಿ ಗಾಳಿಗೆ ಒಲೆಯದಂತೆ. ಹಾಯಿಯ ಮುಂಗೋನವನ್ನು ಮೂತಿಗೆ ಎಳೆಯುವುದು ಒಂದು, ಹಿಂಗೋನವನ್ನು ಹಿಂಬದಿಗೆ ಎಳೆಯುವುದು ಇನ್ನೊಂದು. ಗಾಳಿ ಜೋರಾದರೆ ನಾವಿಕ ಸಡಿಲಿಸುವುದು ಈ ಕೊನೆಯದನ್ನು. ಲೆಕ್ಕ ಇಷ್ಟೇ.

ಕಟ್ಟುವಾಗ ಕ್ರಮ ಕೆಡಬಾರದು. ಮೊದಲು ಬದಿಯ ಬಿಗಿಹಗ್ಗ, ಆಮೇಲೆ ಹಾಯಿ ಕಟ್ಟಿದ ಓರೆಮರ ಮತ್ತು ಎತ್ತುಹಗ್ಗ, ಕೊನೆಗೆ ಹಾಯಿಯ ಕೋನದ ಹಗ್ಗಗಳು. ಮಧ್ಯದಿಂದ ಹೊರಕ್ಕೆ ಬಂದರೆ ಕೈಗೆ ಜಾಗವಿರುತ್ತದೆ. ಎಲ್ಲ ಗಂಟೂ ಹಾಕಿ, ಬಿಗಿ ಸರಿನೋಡಿ, ಒಂದೆರಡು ದಿನ ಬಿಟ್ಟು ಮತ್ತೆ ನೋಡಿ, ಆಮೇಲೆ ಅರ್ಧ ನೀರು ಬೆರೆಸಿದ ಫೆವಿಕಾಲ್ ಮುಟ್ಟಿಸಿ. ತಕ್ಷಣ ಅಂಟುವ ಸೂಪರ್ ಗ್ಲೂ ದಾರವನ್ನು ಗಾಜಿನಂತೆ ಗಡುಸಾಗಿಸಿ ಮುರಿಯುತ್ತದೆ, ಕಪ್ಪು ಕಲೆಯನ್ನೂ ಬಿಡುತ್ತದೆ.

ಹಗ್ಗವನ್ನು ನೀವೇ ಹೊಸೆಯಿರಿ. ಹೊಲಿಗೆ ಯಂತ್ರದ ಪಾಲಿಯೆಸ್ಟರ್ ದಾರ ಮಿಂಚುವುದರಿಂದ ಹತ್ತಿ ದಾರವೇ ಆಗಬೇಕು. ಮೂರು ಎಳೆಗಳನ್ನು ಒಂದೊಂದಾಗಿ, ಅವುಗಳ ಹುರಿ ಇರುವ ದಿಕ್ಕಿಗೇ ಇನ್ನಷ್ಟು ತಿರುಚಿ. ಮೂರನ್ನೂ ಸೇರಿಸಿ ಕೈ ಡ್ರಿಲ್ಲಿಗೆ ಕಟ್ಟಿ ಎದುರು ದಿಕ್ಕಿಗೆ ತಿರುಗಿಸಿ. ಎಳೆಗಳು ಒಂದು ಕಡೆಗೆ ಬಿಚ್ಚಿಕೊಳ್ಳಲು ನೋಡುತ್ತವೆ, ಹಗ್ಗ ಇನ್ನೊಂದು ಕಡೆಗೆ. ಈ ಎರಡು ಎಳೆತ ಸಮವಾದಲ್ಲಿ ಹಗ್ಗ ಬಿಚ್ಚದೆ ನಿಲ್ಲುತ್ತದೆ. ರೈತರ ಮನೆಯಲ್ಲಿ ಪುಂಡಿ ನಾರಿನ ಹಗ್ಗ ಹೊಸೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಉದ್ದದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಕುಗ್ಗುವುದರಿಂದ ದಾರ ಧಾರಾಳವಾಗಿ ಇರಲಿ. ನಿಜವಾದ 4 ಸೆಂ.ಮೀ. ದಪ್ಪದ ಹಗ್ಗ ಇಲ್ಲಿ 0.8 ಮಿ.ಮೀ. ಎತ್ತುಹಗ್ಗಕ್ಕೆ ಅದಕ್ಕಿಂತ ದಪ್ಪ, ಹಾಯಿಯ ಹಗ್ಗಗಳಿಗೆ ಅರ್ಧ. ಎಲ್ಲ ಹಗ್ಗವೂ ಒಂದೇ ದಪ್ಪವಾದರೆ ಹಡಗು ಆಟಿಕೆಯಾಗುತ್ತದೆ. ಹೊಸೆದ ಮೇಲೆ ಜೇನುಮೇಣದ ತುಂಡಿನ ಮೇಲೆ ಎಳೆದರೆ ನವಿರಾದ ಎಳೆಗಳು ಕೂತುಕೊಳ್ಳುತ್ತವೆ, ಧೂಳು ಹಿಡಿಯುವುದೂ ಕಡಿಮೆ.

ಹಾಯಿಗೆ ಹಳೆಯ ಮಲ್‌ಮಲ್ ಬಟ್ಟೆ ಸಾಕು. ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಕಡಲಿನ ಬಿಸಿಲು ಕಂಡ ಬಣ್ಣ ಬರುತ್ತದೆ. ನಿಜ ಹಾಯಿಯನ್ನು ಅಗಲ ಕಡಿಮೆಯ ಪಟ್ಟಿಗಳನ್ನು ಸೇರಿಸಿ ಹೊಲಿಯುತ್ತಿದ್ದುದರಿಂದ ಹಿಂದಿನ ಅಂಚಿಗೆ ಸಮಾನಾಂತರವಾಗಿ 12-15 ಮಿ.ಮೀ.ಗೊಂದು ಸಾಲು ಹೊಲಿಗೆ ಓಡಿಸಿ, ಸುತ್ತ ಅಂಚಿಗೆ ಸಣ್ಣ ಹಗ್ಗ ಕೂರಿಸಿ. ಹಾಯಿಯನ್ನು ಸುತ್ತಿ ಕಟ್ಟಿದಂತೆ ತೋರಿಸುವುದಾದರೆ ಬಟ್ಟೆಯ ಮೂರನೇ ಒಂದು ಪಾಲು ಕತ್ತರಿಸಿ ತೆಗೆಯಿರಿ. ಬಟ್ಟೆಯ ದಪ್ಪ 1:50ಕ್ಕೆ ಇಳಿಯುವುದಿಲ್ಲವಾದ್ದರಿಂದ ಪೂರ್ತಿ ಸುತ್ತಿದರೆ ಹಾಸಿಗೆಯಷ್ಟು ದಪ್ಪ ಕಾಣುತ್ತದೆ.

ನಮ್ಮ ಹವೆಗೆ ತಕ್ಕ ಒಂದು ಮಾತು ಯಾವ ಕಿಟ್ಟಿನ ಪುಸ್ತಕದಲ್ಲೂ ಇರುವುದಿಲ್ಲ. ಬೀದರಿನಲ್ಲಿ ಏಪ್ರಿಲ್-ಮೇ ಒಣಗು, ಜುಲೈ-ಆಗಸ್ಟ್ ತೇವ. ಮಳೆಗಾಲದಲ್ಲಿ ಕೂರಿಸಿದ ಹಲಗೆ ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಹತ್ತಿಯ ಹಗ್ಗ ತೇವಕ್ಕೆ ಬಿಗಿಯುತ್ತದೆ, ಒಣಹವೆಗೆ ಜೋಲುತ್ತದೆ. ಮೇ ತಿಂಗಳಲ್ಲಿ ತಂತಿಯಂತೆ ಬಿಗಿದ ಹಗ್ಗ ಜುಲೈಯಲ್ಲಿ ಕೂವೆಮರವನ್ನೇ ಬಾಗಿಸಬಲ್ಲದು. ಮರ ತಂದು ಎರಡು ಮೂರು ತಿಂಗಳು ಕಟ್ಟುವ ಕೋಣೆಯಲ್ಲೇ ಇಟ್ಟು, ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣ ಚಳಿಯಲ್ಲಿ ಹಲಗೆ ಹೊಡೆಯುವುದು, ಮುಂದಿನ ವರ್ಷ ಅದೇ ಕಾಲದಲ್ಲಿ ಹಗ್ಗ ಕಟ್ಟುವುದು ಒಳ್ಳೆಯದು. ಹಗ್ಗ ನೇರವಾದಷ್ಟು ಸಾಕು, ಮೀಟಿದರೆ ನಾದ ಬರುವಷ್ಟು ಬಿಗಿಯಬೇಡಿ.

ಕಟ್ಟುವ ಮೊದಲು ನಿಜವಾದ ಮರದ ಹಡಗನ್ನೊಮ್ಮೆ ನೋಡಿ ಬಂದರೆ ನಕ್ಷೆ ಅರ್ಥವಾಗುತ್ತದೆ. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ನಿಲ್ಲುತ್ತವೆ. ಈಗ ಅವು ಎಂಜಿನ್ನಿನಿಂದ ಓಡುತ್ತವೆ, ಆದರೆ ಒಡಲಿನ ಬಾಗು ಹಳೆಯದೇ. ಕೇರಳದ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವ ಅಂಗಳಗಳಿವೆ, ಅಲ್ಲಿನ ಬಡಗಿಗಳು ಉರುವಿನ ಪುಟ್ಟ ಮಾದರಿಗಳನ್ನೂ ಮಾಡಿ ಮಾರುತ್ತಾರೆ. ಎರಡೂ ಕಡೆ ಫೋಟೊ ತೆಗೆಯುವಾಗ ಇಡೀ ಹಡಗಿಗಿಂತ ಸಂದುಗಳನ್ನು ಹಿಡಿಯಿರಿ: ಹಲಗೆ ಮೂತಿಯ ಮರಕ್ಕೆ ಸೇರುವ ಜಾಗ, ಚುಕ್ಕಾಣಿ ತೂಗುವ ಬಗೆ, ಹಗ್ಗ ಕಟ್ಟುವ ಗೂಟ. ಕೋಣೆಗೆ ಮರಳಿ ಬೆನ್ನೆಲುಬು ಕತ್ತರಿಸುವಾಗ ಬೇಕಾಗುವುದು ಅವೇ.